ಸುಳ್ಳು ತಳ

"ಹೋಗಲಾ, ಇರಲಾ?" ಎಂದು ಗಂಡ ಕೇಳಿದಾಗ ಅವಳು "ಹೂಂ" ಎಂದುಬಿಟ್ಟಿದ್ದಳು.

ಷೂ ಲೇಸು ಕಟ್ಟುತ್ತಿದ್ದವನು ಅರ್ಧಕ್ಕೇ ಬಿಟ್ಟು ತಲೆಯೆತ್ತಿದ. "ಯಾವುದಕ್ಕೆ ಹೂಂ?"

ಅವಳು ನಕ್ಕಳು. ಅವನು ನಗಲಿಲ್ಲ. ಅವನಿಗೆ ದೂರದ ಊರಿಗೆ ವರ್ಗವಾಗಿತ್ತು. ಬೇಡವೆನ್ನಲು ನಾಳೆ ಬೆಳಿಗ್ಗೆಯವರೆಗೆ ಅವಕಾಶವೂ ಇತ್ತು. ಒಬ್ಬನೇ ಹೋದರೆ ಮತ್ತೆ ಈ ಮನೆಗೆ ಬರುವವನಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಬಾಯಿಬಿಟ್ಟು ಆಡಿರಲಿಲ್ಲ.

"ಸಂಜೆ ಹೇಳು. ಇರು ಅಂದ್ರೆ ಇರ್ತೀನಿ. ಆದ್ರೆ ಅದನ್ನ ನೀನೇ ಹೇಳ್ಬೇಕು. ನಾನೇ ಕೇಳ್ಕೊಂಡು ನಾನೇ ಉತ್ತರ ಹೇಳ್ಕೊಂಡು ಸಾಕಾಗಿದೆ."

"ಹೂಂ."

ಬಾಗಿಲು ಮುಚ್ಚಿಕೊಂಡಿತು. ಜೋರಾಗೇನೂ ಅಲ್ಲ. ಜೋರಾಗಿ ಬಡಿದಿದ್ದರೆ ಚೆನ್ನಾಗಿತ್ತು ಎಂದುಕೊಂಡಳು.

ಕಚೇರಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿದಾಗ ಅಜ್ಜಿ ನೆನಪಾದಳು. ಅಜ್ಜಿಯ ಕತೆಗೆ ಹೂಂಗುಟ್ಟಬೇಕಿತ್ತು. ನಿಲ್ಲಿಸಿದರೆ ಕತೆಯೂ ನಿಲ್ಲುತ್ತಿತ್ತು. "ಹೂಂ ಅನ್ನೇ, ಇಲ್ದಿದ್ರೆ ರಾಜಕುಮಾರ ಗೋಡೆ ಮುಂದೆ ನಿಂತಲ್ಲೇ ನಿಂತ್ಬಿಡ್ತಾನೆ." ರಾಜಕುಮಾರ ಒಂದೊಂದೇ ಕೋಟೆಗೋಡೆ ಒಡೆಯುತ್ತ ಹೋಗುವಷ್ಟರಲ್ಲಿ ಇವಳಿಗೆ ನಿದ್ದೆ. ಆದರೆ ನಿದ್ದೆಯಲ್ಲೂ ಹೂಂ ಎನ್ನುವುದನ್ನು ಕಲಿತುಬಿಟ್ಟಿದ್ದಳು. ಹಾಗಾಗಿ ಅಜ್ಜಿ ಎಲ್ಲ ಕತೆಗಳನ್ನೂ ಪೂರ್ತಿ ಹೇಳಿದಳು. ಇವಳು ಒಂದನ್ನೂ ಪೂರ್ತಿ ಕೇಳಲಿಲ್ಲ. ಕೊನೆಯ ಗೋಡೆಯ ಆಚೆ ಯಾರಿದ್ದರು ಎಂಬುದು ಇವತ್ತಿಗೂ ಗೊತ್ತಿಲ್ಲ.

ಕಚೇರಿಯೆಂದರೆ ಕನ್ನಡಕದಂಗಡಿಯ ಮೇಲಿನ ಎರಡು ಕೋಣೆ. ಅಲ್ಲಿ ಹಳೆಯ ಇಟ್ಟಿಗೆ ಒಡೆಯುವ ಆಟವನ್ನು ಬ್ರೌಸರಿನಲ್ಲಿ ಆಡುವ ಹಾಗೆ ಹೊಸದಾಗಿ ಮಾಡುತ್ತಿದ್ದರು. ಮೇಲೆ ಬಣ್ಣದ ಇಟ್ಟಿಗೆಗಳ ಸಾಲು, ಕೆಳಗೆ ಎಡಬಲಕ್ಕೆ ಸರಿಯುವ ಹಲಗೆ, ನಡುವೆ ಪುಟಿಯುವ ಚೆಂಡು. ಹಲಗೆ ತಪ್ಪಿದರೆ ಚೆಂಡು ಕೆಳಗೆ ಬಿದ್ದು ಮಾಯ, ಆಟ ಮುಗಿಯಿತು. ಗಣಿತದಲ್ಲಿ ಎಂ.ಎಸ್ಸಿ. ಮಾಡಿದ ಅವಳು ಇಟ್ಟಿಗೆ ಜೋಡಿಸುತ್ತಿದ್ದಳು. ಗಾರೆ ಕೆಲಸ ಎಂದು ಗಂಡ ಮೊದಮೊದಲು ಚೇಷ್ಟೆ ಮಾಡುತ್ತಿದ್ದ. ಈಗ ಚೇಷ್ಟೆಯನ್ನೂ ಬಿಟ್ಟಿದ್ದ.

ಮೆಟ್ಟಿಲು ಹತ್ತುವಾಗಲೇ ದೊರೆಯ ನಗು ಕೇಳಿಸಿತು. ಯಜಮಾನನಿಗೆ ಕಚೇರಿಯವರು ಇಟ್ಟ ಹೆಸರು ಅದು, ಬೆನ್ನ ಹಿಂದೆ ಮಾತ್ರ.

"ಬಾಮ್ಮಾ ಬಾ! ನಿನ್ನೆ ಸಂಜೆ ಆಟ ಬಿಟ್ವಲ್ಲ, ಬಂದೋರು ಯಾರೂ ಎದ್ದೇ ಹೋಗಿಲ್ಲ! ರಾತ್ರಿಯೆಲ್ಲ ಆಡ್ತಾನೇ ಇದಾರೆ. ಏನು ಮಾಯಾಮಂತ್ರ ಮಾಡಿದೀಯೋ!"

ಆಟದ ಶಬ್ದಗಳನ್ನು ಮಾಡುವ ಹುಡುಗಿ ಮಾತ್ರ ನಗುತ್ತಿರಲಿಲ್ಲ. ಇವಳ ತೋಳು ಹಿಡಿದು ಮೂಲೆಗೆ ಎಳೆದೊಯ್ದಳು.

"ಅಕ್ಕಾ, ತಳ ತೆಗೆದ್ರಾ?"

ತಳ ಹಾಕಿದ್ದು ಇವಳೇ. ಇಟ್ಟಿಗೆಗಳು ಸರಿಯಾಗಿ ಒಡೆಯುತ್ತವೆಯೇ ಎಂದು ಪರೀಕ್ಷಿಸುವಾಗ ಚೆಂಡು ಪದೇಪದೇ ಬಿದ್ದುಹೋಗಬಾರದೆಂದು ಹಲಗೆಯ ಕೆಳಗೆ ಕಣ್ಣಿಗೆ ಕಾಣದ ಒಂದು ಗೋಡೆ ಹಾಕಿಕೊಳ್ಳುತ್ತಿದ್ದಳು. ಸುಳ್ಳು ತಳ. ಆಟ ಹೊರಗೆ ಬಿಡುವ ಮುಂಚೆ ಅದನ್ನು ತೆಗೆಯಬೇಕು. ನಿನ್ನೆ ತೆಗೆದಿರಲಿಲ್ಲ.

"ಅದೂ ಹಾಳಾಗ್ಲಿ," ಹುಡುಗಿ ಪಿಸುಗುಟ್ಟಿದಳು, "ಅದಕ್ಕೆ ನಿಮ್ಮ ದನಿ ಹಾಕಿದ್ನಲ್ಲಕ್ಕಾ, ತಮಾಷೆಗೆ. ಅದೂ ಹೋಗಿದೆ."

ಮೀಟಿಂಗಿನಲ್ಲಿ ದೊರೆಯ ಮಾತಿಗೆಲ್ಲ ಇವಳು ಹೇಳುತ್ತಿದ್ದ ಹೂಂ. ಹುಡುಗಿ ಅದನ್ನು ಫೋನಿನಲ್ಲಿ ಹಿಡಿದಿಟ್ಟು, ಚೆಂಡು ಸುಳ್ಳು ತಳಕ್ಕೆ ಬಡಿದಾಗಲೆಲ್ಲ ಕೇಳುವ ಹಾಗೆ ಮಾಡಿದ್ದಳು. ಆ ದಿನ ಇಬ್ಬರೂ ಬಿದ್ದುಬಿದ್ದು ನಕ್ಕಿದ್ದರು.

ಹುಡುಗಿಯ ಪರದೆಯಲ್ಲಿ ಯಾರೋ ಗುರುತಿಲ್ಲದವರ ಆಟ ನಡೆಯುತ್ತಿತ್ತು. ಹಲಗೆ ಎಡಮೂಲೆಯಲ್ಲಿ ಬಿದ್ದಿತ್ತು, ಯಾರೂ ಸರಿಸುತ್ತಿರಲಿಲ್ಲ. ಚೆಂಡು ತನ್ನಷ್ಟಕ್ಕೆ ತಾನೇ ಮೇಲೆ ಹೋಗಿ ಕೆಳಗೆ ಬರುತ್ತಿತ್ತು.

"ನೋಡಿ, ಯಾರೂ ಆಡ್ತಿಲ್ಲ," ಎಂದಳು ಹುಡುಗಿ. "ಹಚ್ಚಿಟ್ಟು ಎದ್ದುಹೋಗಿದಾರೆ."

ಅವಳು ದೊರೆಯ ಮೇಜಿನ ಮುಂದೆ ನಿಂತು ಹೇಳಿದಳು. ತಪ್ಪಾಗಿದೆ ಸರ್, ಈಗಲೇ ತೆಗೀತೀನಿ. ಬೈಸಿಕೊಳ್ಳಲು ಸಿದ್ಧಳಾಗಿದ್ದಳು, ಬೈದರೆ ಇಡೀ ದಿನಕ್ಕೆ ಒಂದು ಆಕಾರ ಬರುತ್ತದೆ ಎಂಬ ಆಸೆಯೂ ಇತ್ತು.

ದೊರೆ ಗಲ್ಲ ಕೆರೆದುಕೊಂಡ. "ಇರ್ಲಿ ಬಿಡಮ್ಮಾ. ಸೋಲೋದು ಯಾರಿಗೆ ತಾನೇ ಬೇಕು? ಬಿದ್ದೋಗುತ್ತೆ ಅನ್ನೋ ಭಯ ಇಲ್ಲ, ಜನ ಇದ್ದಲ್ಲೇ ಇರ್ತಾರೆ. ಆ ಹೂಂಕಾರಾನೂ ಚೆನ್ನಾಗಿದೆ. ಯಾರದು? ನಮ್ಮನೇಲೂ ಹೀಗೇ ಒಬ್ರು ಇದ್ದಿದ್ರೆ!"

ಆಟವಲ್ಲ ಅದು, ಹೆಣ, ಎಂದು ಹೇಳಬೇಕೆನಿಸಿತು. ಮಾತು ನಾಲಿಗೆಯ ತುದಿಯವರೆಗೂ ಬಂತು.

"ಹೂಂ," ಎಂದಳು.

ಸಂಜೆ ಅವಳು ಬಂದಾಗ ಗಂಡ ಆಗಲೇ ಮನೆಯಲ್ಲಿದ್ದ. ಮಂಚದ ಮೇಲೆ ಬ್ಯಾಗು, ಪಕ್ಕದಲ್ಲಿ ಇಸ್ತ್ರಿ ಮಾಡಿದ ಅಂಗಿಗಳು. ಅವು ಒಳಗೆ ಹೋಗಬೇಕಾದವೋ ಹೊರಗೆ ಬಂದವೋ ತಿಳಿಯಲಿಲ್ಲ. ಕೇಳಬಹುದಿತ್ತು. ಊಟದ ಮೇಜಿಗೆ ಹೋಗಿ ಲ್ಯಾಪ್‌ಟಾಪು ತೆರೆದಳು.

ಮಧ್ಯಾಹ್ನ ಅವಳೇ ಹಚ್ಚಿಟ್ಟಿದ್ದ ಆಟ ಇನ್ನೂ ನಡೆಯುತ್ತಿತ್ತು. ಎಲ್ಲ ಇಟ್ಟಿಗೆಗಳೂ ಒಡೆದು ಮೂಲೆಯಲ್ಲಿ ಒಂದೇ ಒಂದು ಉಳಿದಿತ್ತು. ಚೆಂಡು ಅದರ ಪಕ್ಕದಲ್ಲೇ, ಬೆರಳಗಲದ ದೂರದಲ್ಲಿ, ನೆಟ್ಟಗೆ ಮೇಲೆ ಹೋಗಿ ನೆಟ್ಟಗೆ ಕೆಳಗೆ ಬರುತ್ತಿತ್ತು. ಹಲಗೆಯನ್ನು ಚೂರು ಸರಿಸಿ ತಾಗಿಸಿದರೆ ಸಾಕು, ಚೆಂಡಿನ ದಾರಿ ಬದಲಾಗುತ್ತದೆ.

ಅವನು ಬಾಗಿಲಲ್ಲಿ ಬಂದು ನಿಂತ. "ಹೇಳ್ತೀಯಾ?"

ಹೂಂ, ಎಂದಿತು ಲ್ಯಾಪ್‌ಟಾಪು.

ಅವನ ಮುಖದಲ್ಲಿ ನಗುವಿನಂಥದ್ದು ಏನೋ ಮೂಡಿ ಅಲ್ಲೇ ನಿಂತಿತು. "ಅದು ನಿನ್ನ ದನಿ."

"ಆಫೀಸಿನ ಹುಡುಗಿ ತಮಾಷೆಗೆ..."

"ಅದರ ಮಾತು ಬೇಡ. ನೀನು ಹೇಳು."

ಇರು. ಎರಡೇ ಅಕ್ಷರ. ಗಂಟಲೊಳಗೆ ಅದು ಒಂದು ಸಲ ಮೇಲೆ ಬಂತು, ಏನಕ್ಕೂ ತಾಗದೆ ಮತ್ತೆ ಕೆಳಗಿಳಿಯಿತು. ಬಿದ್ದುಹೋದರೂ ಆಗುತ್ತಿತ್ತು. ಬೀಳಲಿಲ್ಲ.

ಅವನು ಲ್ಯಾಪ್‌ಟಾಪಿನ ಕಡೆ ಒಮ್ಮೆ ನೋಡಿದ. ಆಮೇಲೆ ಒಳಗೆ ಹೋದ.

ಕೋಣೆಯಿಂದ ಬ್ಯಾಗಿನ ಜಿಪ್ಪು ಎಳೆದ ಸದ್ದು ಕೇಳಿಸಿತು. ತೆಗೆದದ್ದೋ, ಹಾಕಿದ್ದೋ. ಅವಳು ಕಿವಿಗೊಟ್ಟಳು. ಎರಡಕ್ಕೂ ಒಂದೇ ಸದ್ದು. ಬೆರಳು ಹಲಗೆ ಸರಿಸುವ ಕೀಲಿಯ ಮೇಲಿತ್ತು, ಒತ್ತಿರಲಿಲ್ಲ.

ಪರದೆಯ ಮೇಲೆ ಚೆಂಡು ಕೊನೆಯ ಇಟ್ಟಿಗೆಯ ಪಕ್ಕದಲ್ಲೇ, ತಾಗದೆ, ಹೋಗಿ ಬರುತ್ತಿತ್ತು. ಹೂಂ. ಹೂಂ. ಕತೆ ಹೇಳುವವರು ಎದ್ದುಹೋದ ಕತ್ತಲಲ್ಲಿ ಯಾವುದೋ ಮಗು ನಿದ್ದೆಗಣ್ಣಲ್ಲೇ ಹೂಂಗುಟ್ಟುತ್ತಿರುವ ಹಾಗೆ.