ಅಂಗಳದ ವಾಟ

ಬಸವಾಪಟ್ಟಣದ ಪ್ರೇಮಲತಾ ಟೀಚರ್ ಮೂವತ್ತೊಂದು ವರ್ಷ ಶಾಲೆ ಮಕ್ಕಳಿಗೆ ಆಟ ಕಲಿಸಿ ನಿವೃತ್ತರಾದರು. ಆಮೇಲೂ ಸುಮ್ಮನೆ ಕೂರುವ ಜೀವ ಅಲ್ಲ ಅವರದು. ಬೀದಿಯ ಹೆಂಗಸರನ್ನು ಒಟ್ಟು ಮಾಡಿ ತಮ್ಮ ಮನೆಯ ಮುಂದಿನ ಅಂಗಳದಲ್ಲೇ ದಿನಾ ಸಂಜೆ ರಿಂಗ್ ಆಟ ಶುರುಮಾಡಿದರು. ನಡುವೆ ಒಂದು ಬಲೆ, ಆ ಕಡೆ ಇಬ್ಬರು, ಈ ಕಡೆ ಇಬ್ಬರು. ರಬ್ಬರಿನ ಬಳೆ ನೆಲಕ್ಕೆ ಬೀಳದಂತೆ ಹಿಡಿದು ತಿರುಗಿ ಎಸೆಯಬೇಕು. ಮೊದಮೊದಲು ಸೆರಗು ಬಾಯಿಗಿಟ್ಟು ನಗುತ್ತಿದ್ದವರು ಆರು ತಿಂಗಳಲ್ಲಿ ಒಂದೊಂದು ಪಾಯಿಂಟಿಗೂ ಜಗಳಕ್ಕೆ ನಿಲ್ಲುವಷ್ಟು ಪಳಗಿಬಿಟ್ಟರು. ಅರವತ್ತೆರಡರ ಸಾವಂತ್ರಮ್ಮ ಸೆರಗನ್ನು ಸೊಂಟಕ್ಕೆ ಸಿಗಿಸಿದರೆ ಎದುರಿನವರಿಗೆ ಎದೆ ಡವಡವ.

ತೊಂದರೆ ಅಂದರೆ ನೆಲದ್ದು ಮಾತ್ರ. ಬೇಸಿಗೆಯಲ್ಲಿ ಧೂಳು, ಒಂದು ಹನಿ ಬಿದ್ದರೆ ಕೆಸರು. ನಲ್ಲೂರಿನಲ್ಲಿ ಅಣ್ಣ ಜಯದೇವಪ್ಪ ಮೂರು ವರ್ಷದ ಹಿಂದೆ ಅಂಗಳಕ್ಕೆ ಸಿಮೆಂಟ್ ಕಲ್ಲು ಹಾಸಿಸಿದ್ದ. ಅದು ಟೀಚರ್ ಕಣ್ಣಲ್ಲೇ ಇತ್ತು. ಆ ಕೆಲಸ ಮಾಡಿದ ಕಂಟ್ರಾಕ್ಟರ್ ಗುರುಬಸವರಾಜನನ್ನೇ ಹೊನ್ನಾಳಿಯಿಂದ ಕರೆಸಿದರು. ಅವನು ನಾಲ್ಕೇ ದಿನದಲ್ಲಿ ಕೆಂಪು, ಬೂದು ಕಲ್ಲು ಜೋಡಿಸಿ ಮುಗಿಸಿದ. ನೋಡಿದವರೆಲ್ಲ ಹೊಗಳಿದರು.

ಮೂರನೇ ವಾರಕ್ಕೆ ಕಲ್ಲುಗಳು ಅಲ್ಲಾಡತೊಡಗಿದವು. ಪಕ್ಕದ ಮನೆಯ ಸೊಸೆ ಚೈತ್ರಶ್ರೀ ರಿಂಗ್ ಹಿಡಿಯಲು ಹಿಂದೆ ಸರಿದವಳು ಕಲ್ಲು ಮಗುಚಿ ಕಾಲು ಉಳುಕಿಸಿಕೊಂಡಳು. ಅದಾದ ಎರಡನೇ ದಿನ ಬೆಳಿಗ್ಗೆ ಜೋರು ಮಳೆ. ಅಂಗಳದ ನೀರು ಬೀದಿಯ ಚರಂಡಿ ಕಡೆ ಹೋಗುವುದು ಬಿಟ್ಟು ನೆಟ್ಟಗೆ ಹೊಸ್ತಿಲು ಹತ್ತಿ ಒಳಗೆ ಬಂತು. ಪೇಪರ್ ಓದುತ್ತಿದ್ದ ಗಂಡ ಮುರುಗೇಶಪ್ಪ ಎರಡೂ ಕಾಲು ಕುರ್ಚಿಯ ಮೇಲಿಟ್ಟುಕೊಂಡು, "ಪ್ರೇಮಾ, ನಿನ್ನ ಗ್ರೌಂಡು ಮನೆಯೊಳಗೇ ಬಂತಲ್ಲೇ," ಎಂದರು.

"ನಗಬೇಡ್ರೀ, ಮೈ ಉರೀತೈತೆ," ಎಂದು ಟೀಚರ್ ಫೋನ್ ಎತ್ತಿಕೊಂಡರು.

"ಬಂದೆ ಮೇಡಂ, ಸೈಟಿಂದ ಹೊರಟೆ, ನ್ಯಾಮತಿ ದಾಟಿದೆ," ಎಂದ ಗುರುಬಸವರಾಜ. ಒಂದು ವಾರ ಪೂರ್ತಿ ಅವನು ದಿನಾ ನ್ಯಾಮತಿ ದಾಟಿದ. ಬಸವಾಪಟ್ಟಣ ಮಾತ್ರ ಮುಟ್ಟಲಿಲ್ಲ. ಎಂಟನೇ ದಿನ, "ನೀನು ಬರದಿದ್ರೆ ಆಟದ ಹೆಂಗಸರನ್ನೆಲ್ಲ ಕರ್ಕೊಂಡು ನಾನೇ ಹೊನ್ನಾಳಿಗೆ ಬರ್ತೀನಿ," ಎಂದು ಟೀಚರ್ ಹೆದರಿಸಿದ ಮೇಲೆ ಅವನ ಬೈಕು ಗೇಟಿನ ಮುಂದೆ ನಿಂತಿತು.

ಟೀಚರ್ ಏನೂ ಬೈಯಲಿಲ್ಲ. ತುಂಬಿದ ಕೊಡ ತಂದು ಅಂಗಳದ ನಡುವೆ ಸುರಿದರು. ನೀರು ಒಂದು ಗಳಿಗೆ ಅತ್ತಿತ್ತ ನೋಡಿದಂತೆ ಮಾಡಿ ಬಾಗಿಲ ಕಡೆ ಹೊರಟಿತು.

"ಎತ್ತ ಹೋಯ್ತಪ್ಪ?"

"ಸೆಟ್ ಆಗ್ತೈತೆ ಮೇಡಂ. ಹೊಸ ಕೆಲಸ ಅಲ್ವಾ? ಎರಡು ಮಳೆ ಬಿದ್ರೆ ಕಲ್ಲು ಕೂತ್ಕಂತಾವೆ."

"ಕಲ್ಲು ಕೂತ್ಕಂತಾವೆ, ಸರಿ. ವಾಟ ತಾನೇ ತಿರುಗ್ತೈತಾ?"

ನೀರು ಹರಿದುಹೋಗಲು ನೆಲಕ್ಕೆ ಕೊಡುವ ಇಳಿಜಾರಿಗೆ ಗಾರೆ ಕೆಲಸದವರು ವಾಟ ಅನ್ನುತ್ತಾರೆ. ಟೀಚರ್ ಬಾಯಲ್ಲಿ ಆ ಮಾತು ಕೇಳಿ ಗುರುಬಸವರಾಜ ತಲೆ ಕೆರೆದುಕೊಂಡ. ನಾಲ್ಕು ಕಲ್ಲಿನ ಸಂದಿಗೆ ಮರಳು ಉಜ್ಜಿ, ಯಾರದೋ ಫೋನ್ ಬಂತೆಂದು ಹೊರಟೇಹೋದ.

ಮಾರನೇ ದಿನ ಟೀಚರ್ ನಲ್ಲೂರಿಗೆ ಹೋಗಿ ಅಣ್ಣನ ಅಂಗಳದಲ್ಲಿ ಒಂದೊಂದೇ ಕಲ್ಲು ಮೆಟ್ಟಿ ನೋಡಿದರು. ಒಂದೂ ಮಿಸುಕಲಿಲ್ಲ. ಅಲ್ಲೂ ಒಂದು ಕೊಡ ಸುರಿದರು. ನೀರು ಕರೆದವರ ಮನೆಗೆ ಹೊರಟಂತೆ ಚರಂಡಿಗೆ ಹೋಯಿತು.

"ಅದೇ ಮನುಷ್ಯ, ಅದೇ ಕಲ್ಲು. ನಿಂದು ಇಷ್ಟು ಚೆನ್ನಾಗೈತೆ, ನಂದು ಹಂಗ್ಯಾಕಾತು?" ಎಂದು ಕೇಳಿದರು.

ಜಯದೇವಪ್ಪ ಸ್ವಲ್ಪ ಯೋಚಿಸಿ, "ಅವನು ಬೈಕಲ್ಲಿ ಬಂದು ಹೋಗಿ ಮಾಡ್ತಿದ್ದ ಅಷ್ಟೇ. ಕೆಲಸ ಮಾಡ್ಸಿದ್ದು ಮೇಸ್ತ್ರಿ, ಜಗಳೂರಿನ ಸಣ್ಣತಿಮ್ಮಪ್ಪ ಅಂತ. ಒಂದು ಪೈಪಿಗೆ ನೀರು ತುಂಬ್ಕಂಡು ದಿನವೆಲ್ಲ ಮಟ್ಟ ನೋಡ್ತಿದ್ದ ಮುದುಕ," ಎಂದ.

ಟೀಚರ್ ಅಲ್ಲಿಂದಲೇ ಫೋನ್ ಹಚ್ಚಿದರು. "ಸಣ್ಣತಿಮ್ಮಪ್ಪ ಎಲ್ಲಪ್ಪ?"

ಗುರುಬಸವರಾಜ ಮೆಲ್ಲಗೆ, "ಬಿಟ್ಟೋದ್ರು ಮೇಡಂ. ತಪ್ಪು ನಂದೇ," ಎಂದ.

ಒಂದೊಂದಾಗಿ ಹೊರಗೆ ಬಂತು. ವರ್ಷದ ಹಿಂದೆ ಅವನು ಮಟ್ಟ ನೋಡುವ ಲೇಸರ್ ಮಿಷನ್ ತಂದಿದ್ದ. ಅದು ತಪ್ಪು ತೋರಿಸ್ತೈತೆ ಎಂದು ಮುದುಕ ಹೇಳಿದ್ದಕ್ಕೆ ರೇಗಿ, ಆಳುಗಳೆಲ್ಲರ ಮುಂದೆ, "ನಿನ್ನ ಪೈಪು ತಗೊಂಡೋಗಿ ಎಮ್ಮೆ ತೊಳಿ," ಎಂದಿದ್ದ. ಸಣ್ಣತಿಮ್ಮಪ್ಪ ಪೈಪು ಸುತ್ತಿಕೊಂಡು ಅದೇ ಗಳಿಗೆ ಬಸ್ ಹತ್ತಿದ್ದ. ಮಿಷನ್ನನ್ನು ಸರಿಯಾಗಿ ಇಟ್ಟು ನೋಡುವುದು ಇವನಿಗೆ ಇವತ್ತಿಗೂ ಬಂದಿರಲಿಲ್ಲ.

ಟೀಚರಿಗೆ ಸಿಟ್ಟು ಬರಬೇಕಿತ್ತು, ಅದರ ಬದಲು ಅಯ್ಯೋ ಅನ್ನಿಸಿತು. ಮೂವತ್ತು ದಾಟಿದ ಗಂಡಸು, ಕೆಲಸ ಗೊತ್ತಿಲ್ಲ ಎನ್ನಲಾರದೆ ಫೋನಿನಲ್ಲಿ ಊರೂರು ದಾಟುತ್ತಾ ಕೂತಿದ್ದಾನಲ್ಲ!

"ನಾಳೆ ಎಂಟೂವರೆ ಬಸ್ಸಿಗೆ ಬಾ. ಇಬ್ರೂ ಜಗಳೂರಿಗೆ ಹೋಗಾನ," ಎಂದರು.

ಗುರುಬಸವರಾಜ ಎಂಟು ಗಂಟೆಗೇ ಬಸ್ ಸ್ಟ್ಯಾಂಡಿನಲ್ಲಿದ್ದ.

ದಾವಣಗೆರೆಯಲ್ಲಿ ಬಸ್ ಬದಲಿಸಿ, ಮೆಕ್ಕೆಜೋಳದ ಹೊಲಗಳ ನಡುವೆ ಸಾಗಿ ಅವರು ಜಗಳೂರು ಸೇರುವಷ್ಟರಲ್ಲಿ ಹೊತ್ತು ನೆತ್ತಿಗೇರಿತ್ತು. ಸಣ್ಣತಿಮ್ಮಪ್ಪ ಊರಂಚಿನ ಮನೆಯ ಪಕ್ಕದ ಹಟ್ಟಿಯಲ್ಲಿ ಕುರಿಯೊಂದನ್ನು ಮಂಡಿಯ ನಡುವೆ ಅದುಮಿ ಹಿಡಿದು ಗೊರಸು ಕತ್ತರಿಸುತ್ತಿದ್ದ. ಗುರುಬಸವರಾಜನನ್ನು ಕಂಡವನೇ ಮುಖ ತಿರುಗಿಸಿ ಇನ್ನೊಂದು ಕಾಲು ಹಿಡಿದ. ಅವನ ಹೆಂಡತಿ ಕಾಟಮ್ಮ ಮಾತ್ರ, "ಬಿಸಿಲಾಗೆ ಬಂದೀರಿ, ಕೂತ್ಕಳ್ಳಿ ಅಮ್ಮ," ಎಂದು ಚಾಪೆ ಹಾಸಿ ಮಂಡಕ್ಕಿ, ಟೀ ತಂದಿಟ್ಟಳು.

ಟೀಚರ್ ಫೋನಿನಲ್ಲಿದ್ದ ಅಂಗಳದ ವಿಡಿಯೋ ತೋರಿಸಿದರು. ಮುದುಕ ನೋಡಲ್ಲ ನೋಡಲ್ಲ ಎನ್ನುತ್ತಲೇ ನೋಡಿದ. ನೀರು ಹೊಸ್ತಿಲು ಹತ್ತುವ ಹೊತ್ತಿಗೆ ಕುರಿ ಅವನ ಕೈ ತಪ್ಪಿಸಿಕೊಂಡು ಓಡಿತ್ತು.

"ಇದೇನ್ ಹಾಸಿರೋದು? ಕೆಳಗೆ ನೆಲ ಕುಟ್ಟಿ ದಮ್ಮಸ್ಸು ಹೊಡೆದಿಲ್ಲ, ಅಂಚಿಗೆ ಕಟ್ಟೆ ಕೊಟ್ಟಿಲ್ಲ. ಯಾರು ಮಾಡಿದ್ದಿದು?"

"ನಾನೇ ತಿಮ್ಮಣ್ಣ," ಎಂದ ಗುರುಬಸವರಾಜ. "ನೀನು ಹೋದ್ಮೇಲೆ ಎಲ್ಲಾ ಹಿಂಗೇ ಆಗೈತೆ. ಅವತ್ತು ಬಾಯಿಗೆ ಬಂದಂಗೆ ಅಂದುಬಿಟ್ಟೆ. ತಪ್ಪಾತು."

"ಅವತ್ತು ಅಂದಿದ್ದು ಆಳುಗಳ ಮುಂದೆ. ಇವತ್ತು ಕುರಿ ಮುಂದೆ ತಪ್ಪಾತು ಅಂದ್ರೆ ಹೆಂಗೆ?"

ಕಾಟಮ್ಮ ಕಿಸಕ್ಕನೆ ನಕ್ಕಳು. ಟೀಚರ್ ನಗು ತಡೆದುಕೊಂಡು, "ಅವನು ಅದೇ ಆಳುಗಳ ಮುಂದೇನೂ ಹೇಳ್ತಾನೆ, ತಿಮ್ಮಪ್ಪನೋರೆ. ಹೇಳ್ಸೋದು ನನ್ನ ಜವಾಬ್ದಾರಿ. ಆದ್ರೆ ನೀವು ಬರಬೇಕು," ಎಂದರು.

ಮುದುಕ ಹಟ್ಟಿಯ ಕಡೆ ನೋಡಿದ. "ಕುರಿ?"

"ನಾನೇನು ಸತ್ತೋಗಿದೀನಾ? ದಿನಾ ಅಂಗಳಕ್ಕೂ ಬಚ್ಚಲಿಗೂ ಮಟ್ಟ ನೋಡ್ಕಂತ ನನ್ನ ತಲೆ ತಿನ್ನೋ ಬದ್ಲು ಹೋಗಿ ಬಾ," ಎಂದಳು ಕಾಟಮ್ಮ.

ಸೋಮವಾರ ಬೆಳಿಗ್ಗೆ ಟೀಚರ್ ಅಂಗಳದಲ್ಲಿ ಐದು ಮಂದಿ ಆಳುಗಳು ನಿಂತಿದ್ದರು. ಗುರುಬಸವರಾಜ ಎರಡು ಸಲ ಕೆಮ್ಮಿ, "ತಿಮ್ಮಣ್ಣಂಗೆ ನಾನು ಅವತ್ತು ಅಂದಿದ್ದು ತಪ್ಪು. ಕೆಲಸ ಗೊತ್ತಿರೋದು ಅವನಿಗೆ. ಅವನು ಹೇಳ್ದಂಗೆ ಎಲ್ರೂ ಕೇಳಬೇಕು, ನಾನೂ ಸೇರಿ," ಎಂದ. ಸಣ್ಣತಿಮ್ಮಪ್ಪ ದಮ್ಮಸ್ಸು ಹೊಡೆಯುವ ದಿಮ್ಮಿಯನ್ನು ಅವನ ಕೈಗೆ ಕೊಟ್ಟು, "ಹಂಗಾರೆ ಆ ಮೂಲೆಯಿಂದ ಶುರು ಮಾಡು," ಎಂದ.

ಕಲ್ಲುಗಳನ್ನೆಲ್ಲ ಕಿತ್ತು ಗೋಡೆಗೆ ಒಟ್ಟಿದರು. ಗುರುಬಸವರಾಜ ಅಂಗಿ ಬಿಚ್ಚಿಟ್ಟು ಎರಡು ದಿನ ಜಲ್ಲಿ ಹರಡಿ ನೆಲ ಕುಟ್ಟಿದ. ಅಂಗೈಯಲ್ಲಿ ಬೊಬ್ಬೆ ಬಂತು. ಮೂರನೇ ದಿನ ಮೇಸ್ತ್ರಿ ಪೈಪಿಗೆ ನೀರು ತುಂಬಿ ಒಂದು ತುದಿಯನ್ನು ತಾನು ಹಿಡಿದು, ಇನ್ನೊಂದನ್ನು ಅವನ ಕೈಗಿತ್ತು, ಹೊಸ್ತಿಲಿಂದ ಗೇಟಿನವರೆಗೆ ಎಷ್ಟು ಇಳಿಯಬೇಕೆಂದು ಗೋಡೆಯ ಮೇಲೆ ಗೀಟು ಹಾಕಿಸಿದ. ಆಮೇಲೆ ಅವನ ಆ ಲೇಸರ್ ಮಿಷನ್ನನ್ನೂ ತರಿಸಿ ಪಕ್ಕದಲ್ಲಿಟ್ಟು ನೋಡಿದ. ಎರಡು ಗೀಟಿನ ನಡುವೆ ಒಂದು ಬೆರಳು ವ್ಯತ್ಯಾಸ.

"ಮಿಷನ್ ಸುಳ್ಳಾಡಲ್ಲ ಕಣಪ್ಪ, ನೀನು ಕೂರ್ಸಿರೋ ಸ್ಟ್ಯಾಂಡು ವಾರೆ ಐತೆ," ಎಂದು ಸ್ಟ್ಯಾಂಡಿನ ಕಾಲು ತಿದ್ದಿದ. ಮಿಷನ್ನಿನ ಕೆಂಪು ಗೆರೆ ನೀರಿನ ಗೀಟಿನ ಮೇಲೆ ಬಂದು ಕೂತಿತು. ಸಣ್ಣತಿಮ್ಮಪ್ಪ ಅದನ್ನು ಬಗ್ಗಿ ನೋಡಿ, "ಅಡ್ಡಿಯಿಲ್ಲ, ಬೆನ್ನು ಬಗ್ಗಿಸೋದು ತಪ್ತೈತೆ," ಎಂದ. ಗುರುಬಸವರಾಜನ ಮುಖ ಅರಳಿತು.

ಶುಕ್ರವಾರ ಕೆಲಸ ಮುಗಿಯಿತು. ಟೀಚರ್ ಸುರಿದ ಕೊಡದ ನೀರು ನೆಟ್ಟಗೆ ಬೀದಿಯ ಚರಂಡಿಗೆ ಹೋಯಿತು. ಸಾವಂತ್ರಮ್ಮ ಬಂದು ಹಿಮ್ಮಡಿಯಿಂದ ಕುಟ್ಟಿ ಕುಟ್ಟಿ ನೋಡಿ, ಕುಣಿದೂ ನೋಡಿ, ಪಾಸು ಎಂದಳು. ಮುರುಗೇಶಪ್ಪ ಎಲ್ಲರಿಗೂ ಅವಲಕ್ಕಿ, ಚಹಾ ಮಾಡಿಸಿದರು.

ಹೊರಡುವಾಗ ಗುರುಬಸವರಾಜ ಗೇಟಿನ ಬಳಿ ತಡೆದು ನಿಂತ. "ಟೀಚರ್, ಹೊನ್ನಾಳಿಯಾಗೆ ಇನ್ನೂ ಎರಡು ಅಂಗಳ ಅವೆ. ಇಲ್ಲಿ ಮೊದ್ಲು ಮಾಡಿದ್ನಲ್ಲ, ಅದೇ ಥರ ಮಾಡಿರೋವು. ಅವರಿನ್ನೂ ಫೋನ್ ಮಾಡಿಲ್ಲ."

"ಅವರು ಮಾಡೋಕೆ ಮುಂಚೆ ನೀನೇ ಮಾಡು," ಎಂದರು ಟೀಚರ್.

ಅವನು ಅಲ್ಲೇ ನಿಂತು ನಂಬರ್ ಒತ್ತಿದ. ಆಳುಗಳ ಆಟೋ ಮುಂದೆ ಹೋಯಿತು. ಅವನ ಬೈಕಿನ ಹಿಂದೆ ಆಗಲೇ ಹತ್ತಿ ಕೂತಿದ್ದ ಸಣ್ಣತಿಮ್ಮಪ್ಪ, "ನಾಳೆ ಬೆಳಿಗ್ಗೆ ಎಂಟಕ್ಕೆ ಬರ್ತೀವಿ ಅನ್ನು. ಒಂಬತ್ತಕ್ಕೆ ಅನ್ನಬೇಡ," ಎಂದು ಅವನ ಬೆನ್ನಿಗೆ ತಿವಿಯುತ್ತಿದ್ದ.