ಮೂವತ್ತು ಡಿಗ್ರಿಯ ಕಪಾಟು

ದೆಹಲಿಯ ಜನವರಿಯಲ್ಲಿ ದೋಸೆ ಹಿಟ್ಟು ಹುಳಿ ಬರುವುದಿಲ್ಲ. ಕಂಬಳಿ ಹೊದಿಸಿ, ಹೀಟರಿನ ಪಕ್ಕ ಕೂರಿಸಿ, ಕೈಮುಗಿದು ಬೇಡಿಕೊಂಡರೂ ಬೆಳಿಗ್ಗೆ ನೋಡಿದರೆ ರುಬ್ಬಿಟ್ಟ ಹಾಗೆಯೇ ತಣ್ಣಗೆ ಕುಳಿತಿರುತ್ತದೆ. ಪ್ರೊಫೆಸರ್ ಗೋಪಿನಾಥರು ಇಪ್ಪತ್ತೆಂಟು ವರ್ಷದ ದೆಹಲಿವಾಸದಲ್ಲಿ ಎಲ್ಲಕ್ಕೂ ಹೊಂದಿಕೊಂಡಿದ್ದರು, ಇದೊಂದನ್ನು ಬಿಟ್ಟು. ಗುರುಗ್ರಾಮದ ಸಂಶೋಧನಾ ಸಂಸ್ಥೆಯ ಅವರ ಲ್ಯಾಬಿನಲ್ಲಿ ಹಗಲಿರುಳು ಮೂವತ್ತು ಡಿಗ್ರಿ ಇರುವ ಗಾಜಿನ ಬಾಗಿಲಿನ ಕಪಾಟೊಂದಿತ್ತು. ಕಳೆದ ಡಿಸೆಂಬರಿನಲ್ಲಿ ಅವರಿಗೆ ಹೊಳೆದ ಉಪಾಯವನ್ನು ಊಹಿಸಲು ಪಿಎಚ್‌ಡಿ ಬೇಕಿಲ್ಲ.

ಪಿಎಚ್‌ಡಿ ಬೇಕಾಗಿದ್ದದ್ದು ಅವರ ವಿದ್ಯಾರ್ಥಿನಿ ಗಾನವಿಗೆ. ಅವಳ ಪ್ರಯೋಗ ಇದ್ದದ್ದೂ ಅದೇ ಕಪಾಟಿನಲ್ಲಿ. ತಾಮ್ರದ ತಗಡು ಮುಳುಗಿಸಿದ ನೀರಿಗೆ ಕಾರ್ಬನ್ ಡೈಆಕ್ಸೈಡ್ ಹರಿಸಿ, ಕರೆಂಟ್ ಕೊಟ್ಟು, ಆ ಹಾಳು ಅನಿಲವನ್ನೇ ಎಥನಾಲ್ ಎಂಬ ಇಂಧನ ಮಾಡುವುದು ಅವಳ ಕೆಲಸ. ದೆಹಲಿಯ ಹೊಗೆ ಕುಡಿದು ಬದುಕುವ ಆಟೋದವರಿಗೆ ಇದನ್ನು ವಿವರಿಸಿದರೆ "ಬಹುತ್ ಅಚ್ಛಾ ಮೇಡಂ" ಎನ್ನುತ್ತಿದ್ದರು. ಎಥನಾಲ್ ಮಾತ್ರ ಐದು ವರ್ಷ ಮುಖವನ್ನೇ ತೋರಿಸಿರಲಿಲ್ಲ. ಈ ಚಳಿಗಾಲದಲ್ಲಿ ಇದ್ದಕ್ಕಿದ್ದಂತೆ ಬಂತು, ಅದೂ ಧಾರಾಳವಾಗಿ. ಗೋಪಿನಾಥರು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಓಡಾಡಿದರು.

ಬುಧವಾರ ಸಮಿತಿಯ ಮುಂದೆ ಅವಳ ಆರನೆಯ ವರ್ಷದ ಪರಿಶೀಲನೆ. ಒಪ್ಪಿದರೆ ಇನ್ನೊಂದು ವರ್ಷ, ಇಲ್ಲದಿದ್ದರೆ ಮುನಿರ್ಕಾದ ಬಾಡಿಗೆ ಕೋಣೆ ಖಾಲಿ ಮಾಡಿ ಗಂಟುಮೂಟೆ ಕಟ್ಟುವುದು. ಸಮಿತಿಯ ಅದಿತಿ ಮೇಡಂ ಏನಾದರೂ ಕೆದಕಿಯೇ ಕೆದಕುತ್ತಾರೆಂದು ಗಾನವಿ ಹಿಂದಿನ ಗುರುವಾರ ರಾತ್ರಿಯೇ ಒಂದು ತಾಳೆ ನೋಡಿದಳು. ಕಾರ್ಬನ್ ಡೈಆಕ್ಸೈಡ್ ಬದಲು ಇಂಗಾಲದ ಹೆಸರೇ ಇಲ್ಲದ ಆರ್ಗಾನ್ ಹರಿಸಿದಳು. ಶುಕ್ರವಾರ ಎಥನಾಲ್ ಬರಕೂಡದಿತ್ತು. ಬಂತು. ಸೋಮವಾರ ಗಾಜೆಲ್ಲ ತೊಳೆದು, ಕರೆಂಟನ್ನೂ ತೆಗೆದು, ಬರೀ ನೀರಿಟ್ಟು ಮನೆಗೆ ಹೋದಳು. ಮಂಗಳವಾರ ನೋಡಿದರೆ ಆಗಲೂ ಬಂದಿತ್ತು! ಸಿಲಿಂಡರ್ ಇಲ್ಲ, ಕರೆಂಟ್ ಇಲ್ಲ, ನೀರು ಕುಳಿತಲ್ಲೇ ಇಂಧನವಾಗುತ್ತಿತ್ತು.

ಆಗ ಅವಳ ಮೂಗಿಗೆ ಹುಳಿ ವಾಸನೆ ಬಡಿಯಿತು. ಕಪಾಟಿನ ಕೆಳಗಿನ ಅರೆಯಲ್ಲಿ ಗೋಪಿನಾಥ್ ಸರ್ ಮನೆಯ ಸ್ಟೀಲ್ ಡಬ್ಬಿಯ ಮುಚ್ಚಳ ಎತ್ತಿಕೊಂಡು ಹಿಟ್ಟು ಉಕ್ಕಿ ಕುಳಿತಿತ್ತು. ಸೋಮವಾರ, ಗುರುವಾರ ಸರ್ ಹೆಂಡತಿ ಅಹಲ್ಯಾ ಆಂಟಿ ರುಬ್ಬುವುದು, ಸಂಜೆ ಸರ್ ತಂದು ಕೊಡುವುದು, ಇವಳು ಒಳಗಿಡುವುದು ವಾಡಿಕೆ. ಹಿಟ್ಟು ಹುಳಿ ಬರುವಾಗ ಚೂರು ಎಥನಾಲೂ ಆವಿಯಾಗಿ ಬರುತ್ತದೆ. ಮುಚ್ಚಿದ ಕಪಾಟಿನಲ್ಲಿ ಅದು ಹೋಗುವುದಾದರೂ ಎಲ್ಲಿಗೆ? ಮೇಲಿನ ನೀರಿಗೆ. ನೋಟ್‌ಬುಕ್ ತಿರುವಿದಳು. ಮಂಗಳವಾರ, ಶುಕ್ರವಾರ ಬಿಟ್ಟರೆ ಬೇರೆ ದಿನ ಎಥನಾಲ್ ಬಂದೇ ಇರಲಿಲ್ಲ.

ಡಬ್ಬಿ ಎತ್ತಿಟ್ಟು ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹತ್ತು ನಿಮಿಷ ಅವಳು ಅದನ್ನೇ ಯೋಚಿಸಿದಳು. ಆಮೇಲೆ ಸರ್ ಕೋಣೆಗೆ ಹೋದಳು.

"ಸ್ಲೈಡ್ ಆಯ್ತೇನಮ್ಮಾ? ನಾಳೆ ಡೀನ್ ಕೂಡ ಬರ್ತಾರಂತೆ."

"ಸರ್, ಆ ಎಥನಾಲ್ ನಮ್ದಲ್ಲ."

"ಮತ್ಯಾರದು?"

"ಆಂಟೀದು."

ಗೋಪಿನಾಥರು ಎಲ್ಲವನ್ನೂ ಕೇಳಿಸಿಕೊಂಡು ಕನ್ನಡಕ ತೆಗೆದರು. "ಒಂದು ಡಬ್ಬಿ ಹಿಟ್ಟು ಎಷ್ಟು ಎಥನಾಲ್ ಕೊಟ್ಟೀತು?"

"ನಮ್ಮ ತಾಮ್ರ ಐದು ವರ್ಷದಲ್ಲಿ ಕೊಟ್ಟಿದ್ದಕ್ಕಿಂತ ಜಾಸ್ತಿ ಸರ್."

ಅವರು ನೋಟ್‌ಬುಕ್ಕಿನ ಮಂಗಳವಾರ, ಶುಕ್ರವಾರಗಳ ಮೇಲೆ ಬೆರಳಾಡಿಸಿದರು. "ನಾಳೆ ಒಂದಿನ ಸುಮ್ನಿದ್ರೆ? ಅದಿತಿ ಕೇಳ್ದೇ ಇರಬಹುದು."

"ಕೇಳ್ದೇ ಇದ್ರೂ ನಂಗೆ ಗೊತ್ತಲ್ಲ ಸರ್." ಗೋಪಿನಾಥರು ಹೋಗು ಎಂಬಂತೆ ಕೈ ಮಾಡಿದರು.

ಬುಧವಾರ ಗಾನವಿ ಮೊದಲ ಸ್ಲೈಡಿನಲ್ಲಿ ಎಥನಾಲ್ ಸೊನ್ನೆ ಎಂದು ತೋರಿಸಿದಳು. ಎರಡನೆಯದರಲ್ಲಿ ಡಬ್ಬಿಯ ಫೋಟೊ ಇತ್ತು. ವಿವರಿಸಿ ಮುಗಿಸುವಷ್ಟರಲ್ಲಿ ಡೀನ್ ಸಾಹೇಬರ ಮುಖ ಕೆಂಪಾಗಿತ್ತು. ಲ್ಯಾಬಿನೊಳಗೆ ಒಂದು ಬಿಸ್ಕತ್ತೂ ತರಬಾರದೆಂದು ಬಾಗಿಲ ಮೇಲೆ ಬೋರ್ಡ್ ಹಾಕಿಸಿದವರೇ ಅವರು.

"ಯೇ ಕಿಸ್ನೇ ರಖಾ?" ಎಂದು ಗುಡುಗಿದರು.

ಇಟ್ಟದ್ದು ತನ್ನ ಕೈಯೇ. ಗಾನವಿ ಬಾಯಿ ತೆರೆದಳು. ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಕುರ್ಚಿ ಕಿರುಗುಟ್ಟಿತು. ಗೋಪಿನಾಥರು ಎದ್ದು ನಿಂತಿದ್ದರು.

"ನಾನು. ಡಬ್ಬಿ ನನ್ನದು, ಹಿಟ್ಟು ನನ್ನ ಮನೆಯದು, ಇಡು ಎಂದವನೂ ನಾನೇ. ಎರಡು ತಿಂಗಳು ನನಗೇ ಕಾಣದ ತಪ್ಪನ್ನು ಕಂಡುಹಿಡಿದವಳು ಇವಳು. ಮುಚ್ಚಿಡೋಣ ಅಂದದ್ದೂ ನಾನೇ, ಇವಳು ಕೇಳಲಿಲ್ಲ," ಎಂದು ಇಂಗ್ಲಿಷಿನಲ್ಲಿ ಹೇಳಿ ನಿಂತೇ ಇದ್ದರು. ಕೂರಬೇಕೆಂಬುದೂ ಅವರಿಗೆ ಮರೆತುಹೋಗಿತ್ತು.

ಅದಿತಿ ಮೇಡಂ ಪೆನ್ನು ತೆಗೆದುಕೊಂಡು, "ಇವಳಿಗೆ ಒಂದು ವರ್ಷ ಬರೆದುಕೊಳ್ಳಿ," ಎಂದರು. ಡೀನ್ ಗೊಣಗಿಕೊಂಡೇ ಬರೆದುಕೊಂಡರು. ಗೋಪಿನಾಥರಿಗೆ ಮಾತ್ರ ನಾಳೆಯೊಳಗೆ ಲಿಖಿತ ವಿವರಣೆ ಕೊಡಬೇಕೆಂದು ಅಪ್ಪಣೆಯಾಯಿತು.

ಹೊರಗೆ ಬಂದಾಗ ಗಾನವಿಯ ಕಣ್ಣು ತುಂಬಿತ್ತು. ಥ್ಯಾಂಕ್ಸ್ ಎನ್ನಲು ಮಾತು ಹುಡುಕುತ್ತಿದ್ದಳು. ಗೋಪಿನಾಥರು ಅತ್ತಿತ್ತ ನೋಡಿ ದನಿ ತಗ್ಗಿಸಿದರು.

"ಡೀನ್ ಮುಂದೆ ನಾನು ಒಪ್ಕೊಂಡೆ, ಆಯ್ತಾ? ಅಹಲ್ಯಾಗೆ ಮಾತ್ರ ನೀನೇ ಹೇಳ್ಬೇಕು. ಅವಳ ಹಿಟ್ಟಿನ ಫೋಟೊನ ತಪ್ಪು ಅಂತ ಪರದೆ ಮೇಲೆ ಹಾಕಿದ್ವಿ ಅಂತ ಹೇಳೋ ಧೈರ್ಯ ನಂಗಿಲ್ಲಮ್ಮ."