ಸಂತನನ್ನು ತೊಳೆದವಳು

ಶವಪೆಟ್ಟಿಗೆ ಬರುವಷ್ಟರಲ್ಲಿ ಆ ಕಿರುಹೊತ್ತಿಗೆಗಳನ್ನು ಮರೆಮಾಡಬೇಕೆಂದು ಸಿರಿಲ್ ಗೂಚ್ ಅವನ್ನು ಕೋಟಿನೊಳಗೆ ತುರುಕಿಕೊಳ್ಳುತ್ತಿದ್ದ. ‘ನಮ್ಮೂರ ಚರ್ಚಿನ ಚರಿತ್ರೆ’. ಬರೆದವನು ಚರ್ಚಿನ ಉಸ್ತುವಾರಿಯಾದ ಅವನೇ. ಗುಂಡು ಗೋಪುರ ಎದ್ದದ್ದು ಯಾವಾಗ, ಕಮಾನು ಬಾಗಿದ್ದು ಯಾವಾಗ, ಎಲ್ಲಕ್ಕೂ ಅದರಲ್ಲಿ ಇಸವಿಯಿತ್ತು. ನಾಲ್ಕನೆಯ ಪುಟದಲ್ಲಿ ಹೀಗೊಂದು ಸಾಲು: ‘ಆರುನೂರು ವರ್ಷ ಹಳೆಯ ಸಂತ ಕ್ರಿಸ್ಟೋಫರನ ಗೋಡೆಚಿತ್ರವು 1974ರಲ್ಲಿ ಕಸ ಗುಡಿಸುವಾಕೆಯ ಅವಿವೇಕದಿಂದ ನಾಶವಾಯಿತು.’

ಆ ಕಸ ಗುಡಿಸುವಾಕೆ ಮೇವಿಸ್ ಲಾರ್ಟರ್. ಇವತ್ತು ಅವಳದೇ ಅಂತ್ಯಕ್ರಿಯೆ.

“ಬಚ್ಚಿಡೋದ್ಯಾಕೆ ಗೂಚ್ ಅವ್ರೇ?” ಮೇವಿಸಳ ಮಗಳು ಡೋರೀನ್ ಬಾಗಿಲಲ್ಲಿ ನಿಂತಿದ್ದಳು. “ಆ ಸಾಲು ಅಮ್ಮಂಗೆ ಬಾಯಿಪಾಠ. ಚರ್ಚು ನೋಡೋಕೆ ಬಂದೋರಿಗೆ ತಾನೇ ಓದಿ ಹೇಳೋಳು. ‘ಆ ಪುಣ್ಯಾತ್ಗಿತ್ತಿ ನಾನೇ ಕಣ್ರೀ’ ಅಂತ ನಗೋಳು.”

“ನಗ್ತಿದ್ಲಾ?”

“ಅವರ ಮುಂದೆ. ಮನೇಲಿ ಒಂದ್ಸಲಾನೂ ಆ ಮಾತೆತ್ತಲಿಲ್ಲ.”



* * *

ಅಂದು, 1974ರಲ್ಲಿ, ಬಿಷಪ್ಪರು ಬರುವ ಮುನ್ನಾದಿನ, ಎದುರುಗೋಡೆಯ ಸಂತನ ಮೊಣಕಾಲವರೆಗೆ ಹಸಿರು ಪಾಚಿ ಹತ್ತಿತ್ತು. ಒಳಗೆ ಕಾಲಿಟ್ಟವರ ಕಣ್ಣಿಗೆ ಮೊದಲು ಬೀಳುತ್ತಿದ್ದುದೇ ಆ ಚಿತ್ರ. ಅವನ ಮುಖ ಕಂಡವರಿಗೆ ಆ ದಿನ ಸಾವಿಲ್ಲವೆಂದು ಹಿಂದಿನವರು ನಂಬಿದ್ದರು.

“ಬಟ್ಟೆ ಒಗೆಯೋ ಸೋಡಾ ಹಾಕಿ ತಿಕ್ಕು ಮೇವಿಸ್,” ಎಂದ ಸಿರಿಲ್.

“ಬಣ್ಣ ಎದ್ದು ಬಂದ್ರೆ? ನಂಗ್ಯಾಕೋ ಬೇಡ ಅನ್ಸುತ್ತೆ.”

“ಹೇಳಿದಷ್ಟು ಮಾಡು.”

ಸಂತರ ಚಿತ್ರಗಳನ್ನು ಒಪ್ಪದ ಮತಸುಧಾರಕರು ಬಳಿದ ಸುಣ್ಣದಡಿ ಮುನ್ನೂರು ವರ್ಷ ಉಸಿರು ಹಿಡಿದುಕೊಂಡಿದ್ದ ಸಂತ, ಸೋಡಾ ನೀರಿಗೆ ಒಂದು ಮಧ್ಯಾಹ್ನವೂ ತಾಳಲಿಲ್ಲ.

ಮರುದಿನ, ಇದು ಯಾರ ಕೆಲಸವೆಂದು ಬಿಷಪ್ಪರು ಕೇಳಿದಾಗ ಸಿರಿಲ್ ತನ್ನ ಬೂಟು ನೋಡಿಕೊಂಡ. ಮೇವಿಸ್ ಅವನು ಬಾಯಿ ತೆರೆಯಲೆಂದು ಒಂದು ಗಳಿಗೆ ಕಾದಳು. ಆಮೇಲೆ, “ತೊಳೆದದ್ದು ನಾನು,” ಎಂದಳು. ಅದು ಸುಳ್ಳೇನಲ್ಲವಲ್ಲ ಎಂದು ಸಿರಿಲ್ ಐವತ್ತು ವರ್ಷ ತನಗೆ ತಾನೇ ಹೇಳಿಕೊಂಡ.

* * *

“ಸಂತನ್ನೇ ತೊಳೆದೋಳು. ಸ್ವರ್ಗದ ಮೆಟ್ಲು ತೊಳಿ ಅಂತ ಯಾರೂ ಹೇಳ್ಬೇಡ್ರಪ್ಪ!” ಗಂಟೆ ಬಾರಿಸುವ ಕಿವುಡ ಪರ್ಸಿ ಪಿಸುಗುಟ್ಟಿದ್ದು ಇಡೀ ಚರ್ಚಿಗೆ ಕೇಳಿಸಿತು. ಬೆಂಚುಗಳ ಮೇಲೆ ನಗು ಹರಿದಾಡಿತು. ಡೋರೀನ್ ನಗಲಿಲ್ಲ.

ಅಂತ್ಯಕ್ರಿಯೆ ನಡೆಸುತ್ತಿದ್ದ ಪಾದ್ರಿಯಮ್ಮ ಸಿರಿಲನನ್ನು ನಾಲ್ಕು ಮಾತಾಡಲು ಕರೆದರು. ಬರೆದು ತಂದಿದ್ದ ಹೊಗಳಿಕೆಯನ್ನು ಅವನು ಬಿಡಿಸಲೇ ಇಲ್ಲ.

“ತೊಳಿ ಅಂದದ್ದು ನಾನು,” ಎಂದ. ದನಿ ಮುಂದಿನ ಬೆಂಚು ದಾಟಲಿಲ್ಲ.

“ಏನಂದೆ? ಕೇಳಿಸ್ಲಿಲ್ಲ ಕಣೋ ಸಿರಿಲ್!” ಎಂದ ಪರ್ಸಿ.

“ಗಟ್ಟಿಯಾಗಿ ಹೇಳಿ,” ಎಂದಳು ಡೋರೀನ್.

“ನಾನು! ತೊಳಿ ಅಂದದ್ದು ನಾನು. ಅವಳು ಬೇಡ ಅಂದಿದ್ಲು. ಅವಳ ಮೇಲೆ ಹಾಕಿ ಬರೆದದ್ದೂ ನಾನೇ.”

ಒಬ್ಬೊಬ್ಬರಾಗಿ ಎಲ್ಲರ ತಲೆಯೂ ಸಂತನಿಲ್ಲದ ಆ ಬಿಳಿಗೋಡೆಯ ಕಡೆ ತಿರುಗಿತು. ಡೋರೀನ್ ಮಾತ್ರ ತಾಯಿಯ ಪೆಟ್ಟಿಗೆಯ ಮೇಲೆ ಅಂಗೈ ಊರಿ ಅವನನ್ನೇ ನೋಡುತ್ತಿದ್ದಳು.